ಸ್ಮಾರ್ಟ್ ವಿದ್ಯುತ್ ಮೀಟರ್: ನಿಸ್ತಂತು ಮಾಹಿತಿಯ ಸುರಕ್ಷತೆ

ಪೀಠಿಕೆ
ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿಯುಳ್ಳ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು (ಹೆಸ್ಕಾಂ) 2002ರಿಂದ ಧಾರವಾಡ ಸೇರಿದಂತೆ ಏಳು ಜಿಲ್ಲೆಗಳಲ್ಲಿ ವಿದ್ಯುತ್ ವಿತರಿಸುತ್ತಿದೆ. ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಸ್ಮಾರ್ಟ್ ಮೀಟರಿನ ಮಾಹಿತಿ ರಕ್ಷಣೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅಗತ್ಯ
ಸಾಮಾನ್ಯ ಮೀಟರನ್ನು ತಿಂಗಳಿಗೊಮ್ಮೆ ಓದಲಾಗುತ್ತದೆ. ಸ್ಮಾರ್ಟ್ ಮೀಟರು ಪ್ರತಿ 15 ಅಥವಾ 30 ನಿಮಿಷಗಳ ಬಳಕೆಯನ್ನು ಪ್ರತ್ಯೇಕವಾಗಿ ದಾಖಲಿಸಬಲ್ಲದು. ಈ ಅಂಕಿಗಳು ಅನ್ಯರ ಕೈಸೇರಿದಲ್ಲಿ ಮನೆಗೆ ಬೀಗ ಹಾಕಿರುವ ದಿನಗಳನ್ನು ಸಹ ಊಹಿಸಬಹುದು. ಮೀಟರಿನಲ್ಲಿ ದೂರದಿಂದ ಸಂಪರ್ಕ ಕಡಿತಗೊಳಿಸುವ ಸೌಲಭ್ಯವೂ ಇರುವುದರಿಂದ ನಕಲಿ ಆದೇಶಗಳನ್ನು ತಡೆಯುವುದು ಅಷ್ಟೇ ಮುಖ್ಯವಾಗಿರುತ್ತದೆ.

ರವಾನೆಯ ವಿಧಾನ
ಮಾಹಿತಿಯು ಮೊಬೈಲ್ ಜಾಲದ ಮೂಲಕ ಅಥವಾ ಕಡಿಮೆ ಶಕ್ತಿಯ ರೇಡಿಯೊ ಮೂಲಕ ರವಾನೆಯಾಗುತ್ತದೆ. ರೇಡಿಯೊ ಜಾಲದಲ್ಲಿ ಒಂದು ಮೀಟರಿನ ಸಂದೇಶವು ನೆರೆಯ ಮೀಟರುಗಳ ಮೂಲಕ ಸಂಗ್ರಾಹಕ ಘಟಕವನ್ನು ತಲುಪುತ್ತದೆ. ಭಾರತದಲ್ಲಿ 2005ರಿಂದ 865–867 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಇಂತಹ ಸಾಧನಗಳಿಗೆ ಪರವಾನಗಿ ಅಗತ್ಯವಿಲ್ಲ. ಗಾಳಿಯಲ್ಲಿನ ಸಂಕೇತವನ್ನು ಸಮೀಪದಲ್ಲಿರುವ ಯಾರಾದರೂ ಗ್ರಹಿಸಬಹುದಾದ ಕಾರಣ ಅದನ್ನು ಗೂಢಲಿಪಿಗೆ ಪರಿವರ್ತಿಸುವುದು ಅವಶ್ಯ. ಸಂದೇಶವನ್ನು ಮುಂದಕ್ಕೆ ಕಳುಹಿಸುವ ನೆರೆಯ ಮೀಟರು ಅದನ್ನು ಓದುವಂತಿರಬಾರದು.

ಭದ್ರತೆಯ ಅಂಶಗಳು
ಸ್ಮಾರ್ಟ್ ಮೀಟರಿಗೆ ಐಎಸ್ 16444 (2015) ಹಾಗೂ ಅದರ ಮಾಹಿತಿ ವಿನಿಮಯಕ್ಕೆ ಐಎಸ್ 15959 ಭಾಗ 2 (2016) ಭಾರತೀಯ ಮಾನಕಗಳಾಗಿವೆ. 128 ಬಿಟ್ ಕೀಲಿಯ ಎಇಎಸ್ ಪದ್ಧತಿಯು ಬಳಕೆಯಲ್ಲಿದೆ. ಆದರೆ ಪದ್ಧತಿಯೊಂದರಿಂದಲೇ ಭದ್ರತೆ ದೊರೆಯದು. ಈ ಕೆಳಕಂಡವುಗಳೂ ಅವಶ್ಯ:

1. ಪ್ರತಿ ಮೀಟರಿಗೂ ಪ್ರತ್ಯೇಕ ಕೀಲಿ. ಎಲ್ಲ ಮೀಟರುಗಳಿಗೆ ಒಂದೇ ಕೀಲಿ ಇದ್ದಲ್ಲಿ, ಒಂದು ಮೀಟರಿನಿಂದ ಅದು ಬಯಲಾದರೆ ಇಡೀ ಜಾಲವೇ ಬಯಲಾಗುತ್ತದೆ.
2. ಕಾರ್ಖಾನೆಯಲ್ಲಿ ಅಳವಡಿಸಿದ ಕೀಲಿಯನ್ನು ಸ್ಥಾಪನೆಯ ನಂತರ ಬದಲಾಯಿಸುವುದು.
3. ಪ್ರತಿ ಸಂದೇಶಕ್ಕೂ ಏರುಕ್ರಮದ ಸಂಖ್ಯೆ. ಹಳೆಯ ಆದೇಶವನ್ನು ಮರುಕಳುಹಿಸಿದಲ್ಲಿ ಮೀಟರು ಅದನ್ನು ತಿರಸ್ಕರಿಸುತ್ತದೆ. ಕೀಲಿ ಬದಲಾಯಿಸದೆ ಈ ಸಂಖ್ಯೆಯನ್ನು ಪುನರಾವರ್ತಿಸಿದಲ್ಲಿ ಗೂಢಲಿಪಿಯೇ ದುರ್ಬಲಗೊಳ್ಳುತ್ತದೆ.

ಬ್ಯಾಟರಿಯಿಂದ ನಡೆಯುವ ಸಣ್ಣ ಸಾಧನಗಳಿಗಾಗಿ ಅಮೆರಿಕದ ಮಾನಕ ಸಂಸ್ಥೆಯು 2025ರಲ್ಲಿ ಆಸ್ಕಾನ್ ಎಂಬ ಹಗುರ ಪದ್ಧತಿಯನ್ನು ಮಾನಕವಾಗಿ ಪ್ರಕಟಿಸಿದೆ.

ಗ್ರಾಹಕರ ಗಮನಕ್ಕೆ
ಗೂಢಲಿಪಿಯು ದೂರವಾಣಿ ವಂಚನೆಯನ್ನು ತಡೆಯಲಾರದು. ಸಂಪರ್ಕ ಕಡಿತದ ಬೆದರಿಕೆಯೊಡ್ಡಿ ಒಟಿಪಿ ಕೇಳುವವರಿಗೆ ಅದನ್ನು ನೀಡಬಾರದು. ಮೀಟರಿನ ಪರದೆಯಲ್ಲಿರುವ ರೀಡಿಂಗನ್ನು ಬಿಲ್ಲಿನೊಂದಿಗೆ ಹೋಲಿಸಿ ನೋಡತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಆರ್.ಆರ್. ಸಂಖ್ಯೆಯೊಂದಿಗೆ ಉಪವಿಭಾಗ ಕಚೇರಿಯನ್ನು ಅಥವಾ 1912 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಲು ಕೋರಲಾಗಿದೆ.