ಸುಭಿಕ್ಷವೂ ಶುದ್ಧಹಸ್ತವೂ

ಶರಶಯ್ಯೆಯಲ್ಲಿದ್ದ ಭೀಷ್ಮರು ಧರ್ಮರಾಯನಿಗೆ, ರಾಜನೇ ಕಾಲವನ್ನು ರೂಪಿಸುವವನೆಂದು ಬೋಧಿಸಿದರು. ಮಳೆಬೆಳೆಯಾದರೆ ಅರಸನ ಪುಣ್ಯ, ಬರ ಬಂದರೆ ಅರಸನ ಪಾಪ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅರಸರಿಲ್ಲದ ಅಮೆರಿಕದಲ್ಲಿಯೂ ಜನ ತಮ್ಮ ಅಧ್ಯಕ್ಷರನ್ನು ಹೀಗೆಯೇ ಅಳೆಯುತ್ತಾರೆ. ಯಾರ ಕಾಲದಲ್ಲಿ ಸಂಪತ್ತು ಬೆಳೆಯಿತು, ಯಾರ ಕಾಲದಲ್ಲಿ ಲಂಚ ಬೆಳೆಯಿತು ಎಂಬ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ. ವಾಚಕರೇ, ಈ ಅಳತೆಗೋಲು ಎಷ್ಟು ನೆಟ್ಟಗಿದೆಯೆಂಬುದನ್ನು 1921ರಿಂದ 1933ರವರೆಗೆ ಆಳಿದ ಮೂವರು ರಿಪಬ್ಲಿಕನ್ ಅಧ್ಯಕ್ಷರಿಂದ ಪರೀಕ್ಷಿಸೋಣ.

ಮೊದಲನೆಯವರು ವಾರನ್ ಹಾರ್ಡಿಂಗ್. 1921ರ ಮಾರ್ಚಿಯಲ್ಲಿ ಅವರು ಅಧಿಕಾರ ವಹಿಸಿದಾಗ ದೇಶವು ಯುದ್ಧಾನಂತರದ ಮುಗ್ಗಟ್ಟಿನಲ್ಲಿದ್ದಿತು. ಕೆಲವೇ ತಿಂಗಳಲ್ಲಿ ಚೇತರಿಕೆ ಮೊದಲಾಗಿ, 1923ರ ಹೊತ್ತಿಗೆ ಕೈಗೆ ಕೆಲಸವಿಲ್ಲದವರು ಬಹು ಕಡಮೆಯಾದರು. ಆದರೆ ಇದೇ ವೇಳೆಯಲ್ಲಿ ಅವರ ಮಂತ್ರಿ ಆಲ್ಬರ್ಟ್ ಫಾಲ್, ನೌಕಾಪಡೆಗೆಂದು ಕಾದಿರಿಸಿದ್ದ ಟೀಪಾಟ್ ಡೋಮ್ ಮತ್ತು ಎಲ್ಕ್ ಹಿಲ್ಸ್ ಎಂಬಲ್ಲಿನ ಎಣ್ಣೆಯ ನೆಲಗಳನ್ನು ಹರಾಜಿಲ್ಲದೆ, ಗುಟ್ಟಾಗಿ, ಸಿಂಕ್ಲೇರ್ ಮತ್ತು ಡೋಹೆನಿ ಎಂಬ ಧನಿಕರಿಗೆ ಗುತ್ತಿಗೆ ಕೊಟ್ಟರು. ‘ಸಾಲ’ವೆಂಬ ಹೆಸರಿನಲ್ಲಿ ಡೋಹೆನಿಯಿಂದ ಫಾಲರಿಗೆ ಒಂದು ಕೈಚೀಲದಲ್ಲಿ 1,00,000 ಡಾಲರು ನಗದು ಬಂದಿತು. ಹಾರ್ಡಿಂಗರು ಸ್ವತಃ ಹಣ ಮುಟ್ಟಿದರೆಂಬುದಕ್ಕೆ ಸಾಕ್ಷ್ಯವಿಲ್ಲ. ಆದರೆ ಬೊಕ್ಕಸದ ಬೀಗದಕೈಯನ್ನು ಅಂಥವರಿಗೆ ಒಪ್ಪಿಸಿದವರು ಅವರೇ.

1923ರ ಆಗಸ್ಟಿನಲ್ಲಿ ಹಾರ್ಡಿಂಗ್ ತೀರಿಕೊಂಡರು. ಉತ್ತರಾಧಿಕಾರಿಯಾದ ಕ್ಯಾಲ್ವಿನ್ ಕೂಲಿಜ್ ಮಿತಭಾಷಿ, ಮಿತವ್ಯಯಿ. ವಿರೋಧಪಕ್ಷದ ಸೆನೆಟರ್ ಥಾಮಸ್ ವಾಲ್ಷ್ ಪಟ್ಟುಹಿಡಿದು ನಡೆಸಿದ ವಿಚಾರಣೆಯಿಂದ ಹಗರಣ ಬಯಲಾಯಿತು. ಆದರೂ 1924ರ ಚುನಾವಣೆಯಲ್ಲಿ ಕೂಲಿಜರು ಭಾರಿ ಬಹುಮತದಿಂದ ಗೆದ್ದರು. ಹೊಟ್ಟೆ ತುಂಬಿದ ಜನ ಲೆಕ್ಕವನ್ನು ಬಿಗಿಯಾಗಿ ಕೇಳಲಿಲ್ಲ. ನಗರಗಳಲ್ಲಿ ಮೋಟಾರು, ರೇಡಿಯೋಗಳು ಹೆಚ್ಚಿದುವು. ರೈತನ ಫಸಲಿನ ಬೆಲೆ ಮಾತ್ರ ಮೇಲೇಳಲಿಲ್ಲ. ಷೇರುಪೇಟೆಯಲ್ಲಿ ಸಾಲದ ಜೂಜು ಬೆಳೆಯಿತು.

ಮೂರನೆಯವರು ಹರ್ಬರ್ಟ್ ಹೂವರ್. ಮೊದಲ ಮಹಾಯುದ್ಧದಲ್ಲಿ ಹಸಿದ ಬೆಲ್ಜಿಯಮಿಗೆ ಅನ್ನ ಒದಗಿಸಿದ ಕೀರ್ತಿ ಅವರದು. ಲಂಚದ ಕಲೆ ಅವರಿಗಿಲ್ಲ. 1929ರ ಅಕ್ಟೋಬರ್ 24ರಂದು ನ್ಯೂಯಾರ್ಕಿನ ಷೇರುಪೇಟೆ ಕುಸಿಯತೊಡಗಿತು. ಮರುದಿನವೇ ನ್ಯಾಯಾಲಯವು ಫಾಲರನ್ನು ಅಪರಾಧಿಯೆಂದು ಸಾರಿತು. ಒಂದು ದಶಕದ ಎರಡು ಸಾಲಗಳೂ ಒಂದೇ ವಾರದಲ್ಲಿ ವಸೂಲಿಗೆ ಬಂದಂತಾಯಿತು. 1933ರ ವೇಳೆಗೆ ದುಡಿಯುವವರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿ. ನಿರ್ಗತಿಕರ ಗುಡಿಸಲುಗೇರಿಗಳಿಗೆ ಜನ ‘ಹೂವರ್‌ವಿಲ್’ ಎಂದು ಹೆಸರಿಟ್ಟರು. 1930ರಲ್ಲಿ ಆಮದುಸುಂಕ ಏರಿಸುವ ಶಾಸನಕ್ಕೆ ಸಹಿ ಹಾಕಿದ್ದು ಅವರ ದೊಡ್ಡ ತಪ್ಪು. ಆದರೆ ಕುಸಿತದ ಬೀಜ ಹಿಂದಿನವರ ಕಾಲದಲ್ಲಿಯೇ ಬಿದ್ದಿದ್ದಿತು.

ಹಾಗಾದರೆ ತೂಕ ಹೇಗೆ? ಸಂಪತ್ತಿನ ಏರಿಳಿತಕ್ಕೆ ಬ್ಯಾಂಕುಗಳು, ಶಾಸನಸಭೆ, ಪರದೇಶಗಳ ವ್ಯಾಪಾರ, ಪೂರ್ವಾಧಿಕಾರಿಗಳ ಕೆಲಸ ಎಲ್ಲವೂ ಕಾರಣ. ಒಬ್ಬನು ಬಿತ್ತಿದ್ದನ್ನು ಇನ್ನೊಬ್ಬನು ಕೊಯ್ಯುತ್ತಾನೆ. ಮಂತ್ರಿಗಳ ಆಯ್ಕೆ ಹಾಗಲ್ಲ. ಹೆಸರು ಸೂಚಿಸುವವನು ಅಧ್ಯಕ್ಷನೇ. ಆದುದರಿಂದ ಸುಭಿಕ್ಷದ ಯಶಸ್ಸನ್ನು ಹಂಚಿ ಕೊಡಬೇಕು. ನೇಮಕದ ಹೊಣೆಯನ್ನು ನೇಮಿಸಿದವನಿಂದಲೇ ಕೇಳಬೇಕು. ಪ್ರಾಮಾಣಿಕತೆಯೊಂದೇ ಹಸಿದವನಿಗೆ ಅನ್ನವಾಗದು. ಆದರೆ ತುಂಬಿದ ಕಣಜವನ್ನು ತೋರಿಸಿ ಕಳ್ಳತನವನ್ನು ಮರೆಸಲು ಬಂದವನಿಗೆ, ಕಣಜ ಯಾರು ತುಂಬಿದ್ದೆಂದು ಕೇಳುವುದು ಪ್ರಜೆಯ ಹಕ್ಕು.