ಬೆನೆ ಇಸ್ರಾಯೇಲರ ಪಸ್ಕಹಬ್ಬವೂ ಶ್ರೀರಂಗಪಟ್ಟಣದ ಸೆರೆಯೂ

ಮೈಸೂರು ನಗರದಲ್ಲಿ ರಾಮೋತ್ಸವದ ಪಾನಕ ಕೋಸಂಬರಿಗಳ ವಿನಿಯೋಗ ನಡೆಯುತ್ತಿರುವ ಕಾಲದಲ್ಲಿಯೇ, ಬಹುಮಟ್ಟಿಗೆ ಚೈತ್ರಶುದ್ಧ ಪೂರ್ಣಿಮೆಯ ಸುಮಾರಿಗೆ, ಲೋಕದ ನಾನಾ ಭಾಗಗಳಲ್ಲಿರುವ ಯೆಹೂದ್ಯರು ಹುಳಿಯಿಲ್ಲದ ರೊಟ್ಟಿಯನ್ನು ಮುಂದಿಟ್ಟುಕೊಂಡು ತಮ್ಮ ಪಸ್ಕಹಬ್ಬವನ್ನು ಆಚರಿಸುವರು. ಅವರ ಪಂಚಾಂಗವೂ ಚಂದ್ರನನ್ನನುಸರಿಸಿದುದೇ. ಸೌರವರ್ಷಕ್ಕೆ ಹೊಂದಿಸುವುದಕ್ಕಾಗಿ 19 ವರ್ಷಗಳಲ್ಲಿ 7 ಅಧಿಕಮಾಸಗಳನ್ನು ಸೇರಿಸುವರು. ಆದುದರಿಂದ ಅವರ ನಿಸಾನ್ ಮಾಸದ 15ನೆಯ ದಿನವು ಚೈತ್ರದ ಹುಣ್ಣಿಮೆಗೆ, ಕೆಲವು ವರ್ಷ ಫಾಲ್ಗುನದ ಹುಣ್ಣಿಮೆಗೆ ಸಮೀಪವಾಗಿ ಬೀಳುವುದು. ಮೈಸೂರು ನಗರದಲ್ಲಿ ಯೆಹೂದ್ಯರ ಸಭಾಮಂದಿರವಿಲ್ಲ. ಆದರೂ ಈ ಹಬ್ಬದ ಭರತಖಂಡದ ಚರಿತ್ರೆಯಲ್ಲಿ ನಗರಕ್ಕೆ ಕೆಲವೇ ಮೈಲಿ ದೂರದ ಶ್ರೀರಂಗಪಟ್ಟಣಕ್ಕೆ ಒಂದು ಸ್ಥಾನವುಂಟು. ಅದನ್ನು ತಿಳಿಯಬೇಕಾದರೆ ಮೊದಲು ಅಡಿಗೆಮನೆಯನ್ನು ಹೊಕ್ಕು ಬರಬೇಕಾಗುವುದು.

ಐಗುಪ್ತದೇಶದಲ್ಲಿ ದಾಸರಾಗಿ ಜೇಡಿಮಣ್ಣು ತುಳಿದು ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲ್ಯರನ್ನು ಮೋಶೆಯು ಬಿಡಿಸಿಕೊಂಡು ಹೊರಟನೆಂದೂ, ಹೊರಟ ಆತುರದಲ್ಲಿ ನಾದಿದ ಹಿಟ್ಟು ಹುಳಿಯುವುದಕ್ಕೆ ಅವಕಾಶವಾಗದೆ ಹಾಗೆಯೇ ಸುಟ್ಟ ರೊಟ್ಟಿಯನ್ನು ತಿಂದರೆಂದೂ ಅವರ ಪುರಾಣ. (ಅವರು ದಾಟಿದರೆಂದು ಹೇಳುವ ಸೀನಾಯಿ ಸೀಮೆ ಮೈಸೂರಿನವರಿಗೆ ತೀರ ಅಪರಿಚಿತವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದು, ಮುಂದೆ ಪ್ಯಾಲೆಸ್ಟೈನಿಗೆ ಹೋಗಿ, 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಹಿಡಿಯಿತು.) ಈ ಪ್ರಯಾಣದ ಸ್ಮರಣಾರ್ಥವಾಗಿ ಇಸ್ರಾಯೇಲ್ ದೇಶದಲ್ಲಿ ಏಳು ದಿನ, ಹೊರದೇಶಗಳಲ್ಲಿ ಎಂಟು ದಿನ, ಹುಳಿಹಿಟ್ಟಿನ ಪದಾರ್ಥವನ್ನು ತಿನ್ನುವುದು ಹಾಗಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೂ ನಿಷಿದ್ಧ. ಗೋದಿ, ಜವೆ ಮುಂತಾದ ಐದು ಧಾನ್ಯಗಳ ಹಿಟ್ಟಿಗೆ ನೀರು ಸೋಕಿ 18 ನಿಮಿಷ ಸುಮ್ಮನೆ ಬಿದ್ದಿದ್ದರೆ ಅದು ಹುಳಿಯಿತೆಂದೇ ಲೆಕ್ಕ. ರೊಟ್ಟಿಯನ್ನು ಅಷ್ಟರೊಳಗೆ ಬೇಯಿಸಿ ಮುಗಿಸಬೇಕು. ಹಬ್ಬದ ಹಿಂದಿನ ರಾತ್ರಿ ಮನೆಯ ಯಜಮಾನನು ದೀಪ ಹಿಡಿದು ಮೂಲೆಮೂಲೆಗಳನ್ನು ಹುಡುಕಿ, ಸಿಕ್ಕ ರೊಟ್ಟಿಯ ಚೂರನ್ನು ಮರುದಿನ ಬೆಳಿಗ್ಗೆ ಸುಡುವನು. ನಿತ್ಯದ ಪಾತ್ರೆಗಳು ಒಳಗೆ ಹೋಗಿ ಹಬ್ಬದ ಪಾತ್ರೆಗಳು ಹೊರಗೆ ಬರುವುವು. ಮಡಿಯೆಂದರೇನು, ಮುಸುರೆಯೆಂದರೇನು ಎಂಬುದನ್ನು ಪರಭಾಷೆಯವರಿಗೆ ವಿವರಿಸಲು ಹೋಗಿ ಸೋತ ಯಾವ ಗೃಹಸ್ಥನಿಗೂ ಈ ವಿಧಿ ವಿಚಿತ್ರವೆಂದು ತೋರಲಾರದು.

ಅಕ್ಕಿಯ ವಿಷಯದಲ್ಲಿ ಮತಭೇದವುಂಟು. ಮಧ್ಯ ಹಾಗೂ ಪೂರ್ವ ಯೂರೋಪಿನ ಯೆಹೂದ್ಯರು ಹಬ್ಬದಲ್ಲಿ ಅಕ್ಕಿಯನ್ನೂ ಬೇಳೆಕಾಳುಗಳನ್ನೂ ಬಿಡುವರು. ಚಾತುರ್ಮಾಸ್ಯದ ದ್ವಿದಳವ್ರತ ನಡೆಸುವ ಮನೆಗಳವರು ಇದರ ಕಷ್ಟವನ್ನು ಬಲ್ಲರು. ಭರತಖಂಡದ ಯೆಹೂದ್ಯರಿಗೆ ಅಕ್ಕಿ ವರ್ಜ್ಯವಲ್ಲ. ಅನ್ನವನ್ನೂ ಬಿಡಬೇಕಾಗಿದ್ದರೆ ಕೊಂಕಣ ಮಲೆಯಾಳಗಳ ಮನೆಗಳಲ್ಲಿ ಎಂಟು ದಿನ ಹೇಗೆ ಕಳೆಯುತ್ತಿದ್ದವೋ! ಪಾಪ, ಆ ಐದು ಧಾನ್ಯಗಳ ಪಟ್ಟಿಯನ್ನು ಮಾಡಿದ ಪಂಡಿತರು ರಾಗಿಯ ಹೆಸರನ್ನೇ ಎತ್ತಲಿಲ್ಲ.

ಭರತಖಂಡದ ಯೆಹೂದ್ಯರಲ್ಲಿ ಸಂಖ್ಯೆಯಿಂದ ದೊಡ್ಡ ಪಂಗಡ ಬೆನೆ ಇಸ್ರಾಯೇಲರದು. ಬೊಂಬಾಯಿಗೆ ದಕ್ಷಿಣದ ಕೊಂಕಣ ತೀರದಲ್ಲಿ, ಅಲಿಬಾಗಿಗೆ ಸಮೀಪದ ನವಗಾಂವಿನ ಬಳಿ ಹಡಗೊಡೆದು, ಏಳು ಗಂಡಸರೂ ಏಳು ಹೆಂಗಸರೂ ಬದುಕುಳಿದರೆಂದೂ, ತಾವು ಆ ಹದಿನಾಲ್ವರ ಸಂತತಿಯೆಂದೂ ಅವರ ಐತಿಹ್ಯ. ಗ್ರಂಥಗಳೆಲ್ಲವೂ ಸಮುದ್ರದ ಪಾಲಾದುವಂತೆ. ಅವರು ಎಣ್ಣೆಯ ಗಾಣ ನಡೆಸಿ ಜೀವಿಸಿದರು. ಶನಿವಾರ ಗಾಣ ಕಟ್ಟದ ಕಾರಣ ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಮರಾಠಿಯೇ ಮನೆಮಾತಾಯಿತು. ಊರ ಹೆಸರೇ ಮನೆತನದ ಹೆಸರಾಗಿ ದಿವೇಕರ, ಕೆಹಿಮ್ಕರ, ನಾಗಾಂವ್‌ಕರ ಮೊದಲಾದವು ಬಂದವು. ಹೀಬ್ರೂ ಭಾಷೆ ಮರೆತುಹೋಯಿತು. ಉಳಿದವು ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಶನಿವಾರದ ವಿರಾಮ, ಪೊರೆಯೂ ರೆಕ್ಕೆಯೂ ಇಲ್ಲದ ಮೀನಿನ ವರ್ಜನೆ, ‘ಶೆಮಾ’ ಎಂಬ ಒಂದು ಮಂತ್ರ ಹಾಗೂ ಕೆಲವು ಹಬ್ಬಗಳು.

ಆ ಹಬ್ಬಗಳಲ್ಲೊಂದು ‘ಅನಾಶಿ ಢಾಕಾಚಾ ಸಣ’. ಆನಸ್ ಎಂಬುದು ಊಟಕ್ಕೆ ನಂಜಿಕೊಳ್ಳುವ ಹುಳಿಯಾದ ಒಂದು ದ್ರವ. ಅದನ್ನು ತುಂಬಿಟ್ಟ ಗಡಿಗೆಯ ಬಾಯಿಯನ್ನು ಒಂದು ಗೊತ್ತಾದ ದಿನ ಮುಚ್ಚಿ ಎಂಟು ದಿನ ತೆರೆಯದೆ ಇಡುವುದೇ ಹಬ್ಬ. ಆ ದಿನವು ಲೆಕ್ಕ ಹಾಕಿದರೆ ಪಸ್ಕದ ಮುನ್ನಾದಿನವಾದ ನಿಸಾನ್ 14ಕ್ಕೆ ಸರಿಯಾಗಿ ಬರುವುದು. ಐಗುಪ್ತದ ಕಥೆ ಹೋಯಿತು, ಮೋಶೆಯ ಪ್ರಯಾಣದ ವಿವರ ಹೋಯಿತು, ಹಬ್ಬದ ಹೆಸರೂ ಹೋಯಿತು. ಹುಳಿಯನ್ನು ಎಂಟು ದಿನ ಮುಟ್ಟಕೂಡದೆಂಬುದೊಂದು ಮಾತ್ರ ನಿಂತಿತು. ಗಡಿಗೆಯನ್ನು ಏಕೆ ಮುಚ್ಚಬೇಕೆಂದು ಮುಚ್ಚುವವರಿಗೆ ತಿಳಿಯದು. ಅತ್ತೆ ಮುಚ್ಚುತ್ತಿದ್ದರು, ಸೊಸೆ ಮುಚ್ಚಿದಳು.

ವ್ರತಗಳ ಕಲ್ಪದಲ್ಲಿ ಪೂಜಾವಿಧಿಯೊಡನೆ ಕಥೆಯೂ ಇರುವುದು. ಅಕ್ಷತೆ ಹಿಡಿದು ಕಥೆ ಕೇಳಿದಲ್ಲದೆ ವ್ರತ ಮುಗಿಯದು. ಕಥೆಯಿದ್ದು ಆಚರಣೆ ಬಿಟ್ಟುಹೋದ ವ್ರತಗಳು ಹಲವು. ಕಥೆ ಪೂರ್ತಿಯಾಗಿ ಮರೆತು, ಕೇಳುವ ಪುಸ್ತಕವಿಲ್ಲದೆ, ಹೇಳುವ ಪುರೋಹಿತನಿಲ್ಲದೆ, ಹೆಂಗಸರ ಕೈಯಲ್ಲಿ ಆಚರಣೆಯೊಂದೇ ತಲೆಮಾರುಗಳ ಕಾಲ ತಿಥಿ ತಪ್ಪದೆ ನಡೆದುಬಂದುದು ಅಪೂರ್ವ. ಪಂಡಿತರು ಈ ಜನರ ಯೆಹೂದ್ಯತ್ವವನ್ನು ನಾನಾ ಪ್ರಮಾಣಗಳಿಂದ ವಿಚಾರಿಸಿದ್ದಾರೆ. ಮುಚ್ಚಿದ ಗಡಿಗೆಗಿಂತ ಬಲವಾದ ಪ್ರಮಾಣವನ್ನು ಕಾಣುವುದು ಕಷ್ಟ.

ಶ್ರೀರಂಗಪಟ್ಟಣದ ಪ್ರಸಂಗ ಬರುವುದು ಇಲ್ಲಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬೆನೆ ಇಸ್ರಾಯೇಲರು ಗಾಣಗಳನ್ನು ಬಿಟ್ಟು ಬೊಂಬಾಯಿಗೆ ಬಂದು ಇಂಗ್ಲಿಷ್ ಕಂಪೆನಿಯ ಸೈನ್ಯವನ್ನು ಸೇರತೊಡಗಿದರು. ಅವರಲ್ಲಿ ಸಮಾಜಿ ಹಸಾಜಿ ದಿವೇಕರ ಎಂಬವನು, ಅಂದರೆ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ, ದೇಶೀಯ ಅಧಿಕಾರಿಯ ಪದವಿಗೆ ಏರಿದ್ದನು. 1780ರಿಂದ 1784ರ ವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಅವನು ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕಿದನು. ಸೆರೆಯವರನ್ನು ವಿಚಾರಿಸುವಾಗ ಜಾತಿ ಯಾವುದೆಂಬ ಪ್ರಶ್ನೆಗೆ ಅವನು ‘ಬೆನೆ ಇಸ್ರಾಯೇಲ್’ ಎಂದನೆಂದೂ, ಆ ಮಾತು ಸುಲ್ತಾನನ ತಾಯಿಯ ಕಿವಿಗೆ ಬೀಳಲು, ಖುರಾನಿನಲ್ಲಿ ಹೆಸರು ಕೇಳಿದ್ದ ಜನರನ್ನು ಕಣ್ಣಿಂದ ಕಂಡುದು ಇದೇ ಮೊದಲೆಂದು ಆಕೆ ಅವನ ಪ್ರಾಣವನ್ನು ಉಳಿಸಿಕೊಟ್ಟಳೆಂದೂ ಬೆನೆ ಇಸ್ರಾಯೇಲರ ಮನೆಗಳಲ್ಲಿ ಕಥೆಯಿದೆ. ಇದರಲ್ಲಿ ನಂಬಲಾಗದ ಅಂಶ ಕಡಿಮೆ. ಕೊಂಕಣದ ನೆರೆಯವರಿಗೆ ತೇಲಿ ಜಾತಿಯವರಾಗಿ ಮಾತ್ರ ಕಂಡಿದ್ದವರ ನಿಜನಾಮಕ್ಕೆ ಶ್ರೀರಂಗಪಟ್ಟಣದ ಅಂತಃಪುರದಲ್ಲಿ ಅರ್ಥವಿದ್ದುದು ಸಹಜವೇ. ಬನೀ ಇಸ್ರಾಯೀಲ್ ಎಂಬ ಹೆಸರು ಖುರಾನಿನಲ್ಲಿ ಮತ್ತೆ ಮತ್ತೆ ಬರುವುದು.

ಬಿಡುಗಡೆಯಾದರೆ ದೇವರಿಗೆ ಒಂದು ಮಂದಿರವನ್ನು ಕಟ್ಟಿಸುವೆನೆಂದು ದಿವೇಕರನು ಸೆರೆಯಲ್ಲಿ ಹರಕೆ ಹೊತ್ತಿದ್ದನಂತೆ. 1784ನೆಯ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದದಿಂದ ಯುದ್ಧವು ಮುಗಿಯಿತು. 1796ರಲ್ಲಿ ಬೊಂಬಾಯಿಯಲ್ಲಿ, ಈಗ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂದು ಅವನ ಹೆಸರನ್ನೇ ಧರಿಸಿರುವ ಬೀದಿಯಲ್ಲಿ, ಬೆನೆ ಇಸ್ರಾಯೇಲರ ಮೊದಲನೆಯ ಸಭಾಮಂದಿರವು ಎದ್ದಿತು. ಅದರ ಹೆಸರು ‘ಶಾಆರ್ ಹಾರಹಮೀಮ್’, ಎಂದರೆ ಕರುಣೆಯ ದ್ವಾರ. ಮಂದಿರಕ್ಕೆ ಬೇಕಾದ ಧರ್ಮಗ್ರಂಥದ ಸುರುಳಿಗಳನ್ನು ತರುವುದಕ್ಕಾಗಿ ದಿವೇಕರನು ಕೊಚ್ಚಿಗೆ ಹೋಗಿ, 1797ರಲ್ಲಿ ಅಲ್ಲಿಯೇ ಮೃತನಾದನು.

ಅವನು ಕೊಚ್ಚಿಗೆ ಹೋದುದು ಯುಕ್ತವಾಗಿತ್ತು. ಅಲ್ಲಿಯ ಯೆಹೂದ್ಯರಲ್ಲಿ ಗ್ರಂಥವೂ ಇತ್ತು, ಆಚಾರವೂ ಇತ್ತು. ಪಸ್ಕದ ವಿಷಯದಲ್ಲಂತೂ ಆಚಾರವು ಮಿತಿಮೀರಿತ್ತೆಂದರೂ ಸಲ್ಲುವುದು. ಚಳಿಗಾಲದ ಹನುಕ್ಕಾ ಹಬ್ಬ ಮುಗಿದೊಡನೆಯೇ ಅವರ ಹೆಂಗಸರು ಪಸ್ಕದ ಸಿದ್ಧತೆಗೆ ತೊಡಗುತ್ತಿದ್ದರು. ಹಬ್ಬದ ಅಕ್ಕಿಯನ್ನು ಕಾಳುಕಾಳಾಗಿ ನೋಡಿ, ಮುರಿದ ಕಾಳು ಬಂದರೆ ಎತ್ತಿಹಾಕುತ್ತಿದ್ದರು. ಮನೆಗೆ ಸುಣ್ಣ ಬಳಿಯುತ್ತಿದ್ದರು. ಬಾವಿಯ ನೀರನ್ನು ತೋಡಿ ತಳವನ್ನು ಉಜ್ಜಿಸುತ್ತಿದ್ದರು. ಹಬ್ಬದ ಪಾತ್ರೆ ಧಾನ್ಯಗಳಿಗೆ ಒಂದು ಕೋಣೆಯನ್ನೇ ಮೀಸಲಿಡುತ್ತಿದ್ದರು. ಶ್ರಾದ್ಧದ ದಿನ ಬಾವಿಕಟ್ಟೆಯಲ್ಲಿ ಮಡಿನೀರಿಗೆ ಕಾದ ಮೈಸೂರಿನ ಮುತ್ತೈದೆಯರೂ ಕೊಚ್ಚಿಯ ಈ ಗೃಹಿಣಿಯರ ಮುಂದೆ ತಲೆಬಾಗಬೇಕಾಗಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯಿಂದ ಬೋಧಕರು ಬೊಂಬಾಯಿಗೆ ಬಂದು ಬೆನೆ ಇಸ್ರಾಯೇಲರಿಗೆ ಪ್ರಾರ್ಥನೆಯ ಕ್ರಮವನ್ನು ಕಲಿಸಿದರು. ಮತಾಂತರದ ಆಸೆಯಿಂದ ಬಂದ ಪಾದ್ರಿಗಳಿಂದಲೂ, ಅವರೆಣಿಸದ ರೀತಿಯಲ್ಲಿ, ಉಪಕಾರವಾಯಿತು. ಜಾನ್ ವಿಲ್ಸನ್ನನು 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಅಚ್ಚು ಹಾಕಿಸಿದನು. ಅದನ್ನೋದಿದ ಬೆನೆ ಇಸ್ರಾಯೇಲರು ತಮ್ಮ ಧರ್ಮಕ್ಕೇ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡರು. ಪಸ್ಕದ ರಾತ್ರಿ ಓದುವ ಪುಸ್ತಕಕ್ಕೆ ಹಗ್ಗಾದಾ, ಅಂದರೆ ಕಥನ, ಎಂದು ಹೆಸರು. ಮನೆಯ ಕಿರಿಯ ಮಗು ‘ಈ ರಾತ್ರಿಗೆ ಏನು ವಿಶೇಷ?’ ಎಂಬ ಭಾವದ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಹಿರಿಯರು ಐಗುಪ್ತದ ಕಥೆಯನ್ನು ಹೇಳಬೇಕು. ಆ ಪುಸ್ತಕವು ಮರಾಠಿ ಅರ್ಥಸಹಿತವಾಗಿ 1846ರಲ್ಲಿ ಬೊಂಬಾಯಿಯಲ್ಲಿಯೂ, ಚಿತ್ರಸಹಿತವಾಗಿ 1874ರಲ್ಲಿ ಪುಣೆಯಲ್ಲಿಯೂ ಅಚ್ಚಾಯಿತು. ಪುಣೆಯ ಪುಸ್ತಕದ ಚಿತ್ರಗಳಲ್ಲಿ ಸೀರೆಯುಟ್ಟು ತುರುಬು ಕಟ್ಟಿದ ಹೆಂಗಸರು ನೆಲದ ಮೇಲೆ ಕುಳಿತು ಹಿಟ್ಟು ನಾದುತ್ತ, ಲಟ್ಟಿಸುತ್ತ, ರೊಟ್ಟಿ ಬೇಯಿಸುತ್ತ ಇರುವರು. ಗಡಿಗೆಯ ಬಾಯಿಯನ್ನು ಸುಮ್ಮನೆ ಮುಚ್ಚುತ್ತಿದ್ದವರ ಮೊಮ್ಮಕ್ಕಳು ಅಂದಿನಿಂದ ಮುಚ್ಚುವ ಕಾರಣವನ್ನು ಓದಿ ತಿಳಿಯಬಹುದಾಯಿತು.

ಮೈಸೂರು ಸಂಸ್ಥಾನದಲ್ಲಿ ಯೆಹೂದ್ಯರು ನೆಲೆಸಿದುದು ಹೆಚ್ಚಾಗಿ ಬೆಂಗಳೂರಿನಲ್ಲಿ. ಅಲ್ಲಿ ಮೈಸೂರು ರಸ್ತೆಯಲ್ಲಿರುವ ಅವರ ರುದ್ರಭೂಮಿಯ ನೆಲ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ದಯಪಾಲಿಸಿದುದು. ಅಲ್ಲಿನ ಹಳೆಯ ಗೋರಿಗಳಲ್ಲೊಂದು ಸುಬೇದಾರ್ ಸ್ಯಾಮ್ಯುಯೆಲ್ ನಾಗಾಂವ್‌ಕರನದು. ದಿವೇಕರನಂತೆ ಇವನೂ ಕೊಂಕಣದ ಊರಿನ ಹೆಸರು ಹೊತ್ತ ಸಿಪಾಯಿ. ಇರಾಖಿನಿಂದ ಬಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ದೊಡ್ಡ ಅಂಗಡಿಯಿಟ್ಟ ರೂಬಿನ್ ಮೋಸಸ್ ಎಂಬವರು ತಮ್ಮ ಮನೆಯಲ್ಲಿಯೇ ಪ್ರಾರ್ಥನೆಗೆ ಸ್ಥಳ ಮಾಡಿಕೊಟ್ಟಿದ್ದರು.

ಸಭಾಮಂದಿರವೂ ಧರ್ಮೋಕ್ತವಾಗಿ ಪಶುವನ್ನು ಕೊಯ್ಯುವವನೂ ಇಲ್ಲದ ಊರಿನಲ್ಲಿ ಹಬ್ಬದ ಭಾರವೆಲ್ಲ ಅಡಿಗೆಮನೆಯದೇ. ಪಸ್ಕದ ರಾತ್ರಿ ನಾಲ್ಕು ಬಟ್ಟಲು ದ್ರಾಕ್ಷಾರಸವನ್ನು ಕುಡಿಯಬೇಕೆಂದು ವಿಧಿ. ಅನ್ಯರು ಮಾಡಿದ ಮದ್ಯ ಸಲ್ಲದು. ಅದಕ್ಕೆ ಬೆನೆ ಇಸ್ರಾಯೇಲರು ಕಂಡುಕೊಂಡ ಉಪಾಯ, ಕಪ್ಪು ಒಣದ್ರಾಕ್ಷಿಯನ್ನು ನೀರಿನಲ್ಲಿ ಬೇಯಿಸಿ, ಕಿವುಚಿ, ಸೋಸಿದ ಶರಬತ್ತು. ಉಪ್ಪೂ ಎಣ್ಣೆಯೂ ಇಲ್ಲದ ಗೋದಿಯ ರೊಟ್ಟಿಗೆ ಹೊರಗಿನಿಂದ ಏನೂ ಬೇಕಿಲ್ಲ. ಲಟ್ಟಣಿಗೆ, ಕಾದ ಹೆಂಚು, ಚುರುಕಾದ ಕೈ ಇದ್ದರೆ ಸಾಕು. ಕಹಿಯಾದ ಸೊಪ್ಪು ಎಲ್ಲಿಯಾದರೂ ದೊರೆಯುವುದು. ಐಗುಪ್ತದ ಇಟ್ಟಿಗೆಯ ಜೇಡಿಮಣ್ಣನ್ನು ನೆನಪಿಸುವ ಸಿಹಿಯಾದ ಪಾಕವನ್ನು ಯೂರೋಪಿನವರು ಸೇಬಿನ ಹಣ್ಣಿನಿಂದ ಮಾಡಿದರೆ, ಈ ದೇಶದ ಮೂರು ಪಂಗಡಗಳೂ ಖರ್ಜೂರದಿಂದ ಮಾಡುವುವು. ಕೊಂಕಣದವರು ಅದನ್ನು ಶೀರಾ ಎನ್ನುವರು, ಕೊಚ್ಚಿಯವರು ದುವೋ ಎನ್ನುವರು, ಬಾಗ್ದಾದಿನಿಂದ ಬಂದವರು ಹಾಲೆಕ್ ಎನ್ನುವರು.

1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾದ ಮೇಲೆ ಈ ಮೂರು ಪಂಗಡಗಳವರೂ ಬಹುಮಂದಿ ದೇಶ ಬಿಟ್ಟರು. 2011ರ ಜನಗಣತಿಯಲ್ಲಿ ಇಡೀ ಭರತಖಂಡದ ಯೆಹೂದ್ಯರ ಸಂಖ್ಯೆ ಐದು ಸಾವಿರವನ್ನೂ ಮುಟ್ಟಲಿಲ್ಲ. ಬಾಗ್ದಾದಿನವರಲ್ಲಿ ಒಂದು ಪದ್ಧತಿಯುಂಟು: ಪಸ್ಕದ ರಾತ್ರಿ ಹುಳಿಯಿಲ್ಲದ ರೊಟ್ಟಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಒಂದು ಮಗುವಿನ ಹೆಗಲಿಗೇರಿಸಿ, ಎಲ್ಲಿಂದ ಬಂದೆಯೆಂದು ಕೇಳುವರು. ಐಗುಪ್ತದಿಂದ ಎಂದು ಮಗು ಹೇಳುವುದು. ಎಲ್ಲಿಗೆ ಹೋಗುವೆಯೆಂದರೆ ಯೆರೂಸಲೇಮಿಗೆ ಎನ್ನುವುದು. ಆಮೇಲೆ ಗಂಟನ್ನು ಇಳಿಸಿಕೊಂಡು ಎಲ್ಲರೂ ಊಟಕ್ಕೆ ಕುಳಿತುಕೊಳ್ಳುವರು.