ವಿಮಾನದ ವಿಧೇಯತೆಗೆ ಅಂಕ: ಕೂಪರ್-ಹಾರ್ಪರ್ ಮಾಪಕ

ವಿಮಾನವೊಂದರ ವೇಗ, ಎತ್ತರ, ಇಂಧನ ಬಳಕೆಗಳನ್ನು ಉಪಕರಣಗಳಿಂದ ಅಳೆಯಬಹುದು. ಆದರೆ ಅದು ಪೈಲಟ್ ಹೇಳಿದಂತೆ ಕೇಳುತ್ತದೆಯೇ? ಇಳಿಸುವಾಗ ಅವರು ಎಷ್ಟು ಹೆಣಗಬೇಕಾಗುತ್ತದೆ? ವಿಮಾನದ ಈ ಸ್ವಭಾವವನ್ನು ತಂತ್ರಜ್ಞರು ‘ಹ್ಯಾಂಡ್ಲಿಂಗ್ ಕ್ವಾಲಿಟೀಸ್’ ಎನ್ನುತ್ತಾರೆ.

ಇದನ್ನು ಅಂಕಗಳಲ್ಲಿ ಹೇಳುವ ಪ್ರಸಿದ್ಧ ಕ್ರಮವೇ ಕೂಪರ್-ಹಾರ್ಪರ್ ಮಾಪಕ. ನಾಸಾದ ಜಾರ್ಜ್ ಕೂಪರ್ ಹಾಗೂ ಕಾರ್ನೆಲ್ ಏರೋನಾಟಿಕಲ್ ಲ್ಯಾಬೊರೇಟರಿಯ ರಾಬರ್ಟ್ ಹಾರ್ಪರ್ 1969ರಲ್ಲಿ ಇದನ್ನು ಪ್ರಕಟಿಸಿದರು. ನಿಗದಿತ ಕಾರ್ಯವೊಂದನ್ನು ಮುಗಿಸಿದ ಪರೀಕ್ಷಾ ಪೈಲಟ್ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ವಿಮಾನ ಹತೋಟಿಯಲ್ಲಿತ್ತೇ? ಸಹಿಸಬಹುದಾದಷ್ಟು ಶ್ರಮದಿಂದ ಕಾರ್ಯ ಸಾಧ್ಯವಾಯಿತೇ? ಸುಧಾರಣೆಯಿಲ್ಲದೆಯೇ ತೃಪ್ತಿಕರವೇ? ಉತ್ತರಗಳನ್ನು ಆಧರಿಸಿ 1ರಿಂದ 10ರವರೆಗೆ ಅಂಕ ನೀಡಲಾಗುತ್ತದೆ. ಶಾಲೆಯ ಅಂಕಗಳಂತಲ್ಲದೆ ಇಲ್ಲಿ ಕಡಿಮೆ ಅಂಕವೇ ಶ್ರೇಷ್ಠ. 1ರಿಂದ 3 ತೃಪ್ತಿಕರ. 4ರಿಂದ 6 ಬಂದರೆ ಸುಧಾರಣೆ ಅಪೇಕ್ಷಣೀಯ. 7ರಿಂದ 9 ಬಂದರೆ ಅಗತ್ಯ. 10 ಎಂದರೆ ಹತೋಟಿ ತಪ್ಪುವ ವಿಮಾನ.

ಹಾರಾಟಕ್ಕೆ ಮುನ್ನವೇ ಈ ಅಂಕವನ್ನು ಊಹಿಸುವುದು ವಿನ್ಯಾಸಕಾರರ ಗುರಿ. ಪೈಲಟ್ ಕಡ್ಡಿಯನ್ನು ಅಲುಗಿಸಿದ ಮೇಲೆ ವಿಮಾನ ಸ್ಪಂದಿಸಲು ತೆಗೆದುಕೊಳ್ಳುವ ವಿಳಂಬ ಇಲ್ಲಿ ಮುಖ್ಯ. ಅಮೆರಿಕದ ಸೇನಾ ಮಾನದಂಡವೊಂದರ ಪ್ರಕಾರ ಉತ್ತಮ ವಿಮಾನದಲ್ಲಿ ಅದು 0.1 ಸೆಕೆಂಡ್ ಮೀರಬಾರದು. ವಿಳಂಬ ಹೆಚ್ಚಿದಂತೆ ಪೈಲಟ್‌ನ ತಿದ್ದುಪಡಿಗಳು ತಡವಾಗಿ ಫಲಿಸಿ, ವಿಮಾನದ ಓಲಾಟ ತಗ್ಗುವ ಬದಲು ಹೆಚ್ಚುತ್ತದೆ.

ಆದರೂ ಲೆಕ್ಕಾಚಾರ ಕೈಕೊಡುವುದುಂಟು. ನೆಲದ ಮೇಲಿನ ಸಿಮ್ಯುಲೇಟರ್‌ನಲ್ಲಿ ಪ್ರಾಣಭಯವಿಲ್ಲ. ಆದ್ದರಿಂದ ಆತುರದಲ್ಲಷ್ಟೇ ಕಾಣಿಸುವ ದೋಷ ಅಲ್ಲಿ ಅಡಗಿಯೇ ಉಳಿಯಬಹುದು. ಸ್ವೀಡನ್ನಿನ ಗ್ರಿಪೆನ್ ಯುದ್ಧವಿಮಾನದ ಮೊದಲ ಮಾದರಿ 1989ರ ಫೆಬ್ರುವರಿ 2ರಂದು ಲಿನ್‌ಶೊಪಿಂಗ್‌ನಲ್ಲಿ ಇಳಿಯುವಾಗ ಇಂತಹ ಓಲಾಟಕ್ಕೆ ಸಿಲುಕಿ ಅಪ್ಪಳಿಸಿತು. ಪೈಲಟ್ ಬದುಕುಳಿದರು. ಬಳಿಕ ನಿಯಂತ್ರಣ ತಂತ್ರಾಂಶವನ್ನು ತಿದ್ದಲಾಯಿತು. ಆದರೂ 1993ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್‌ನ ಪ್ರದರ್ಶನ ಹಾರಾಟದಲ್ಲಿ ಮತ್ತೊಂದು ಗ್ರಿಪೆನ್ ಹತೋಟಿ ತಪ್ಪಿ ಉರುಳಿತು.

ಇಂತಹ ಅಪಾಯವನ್ನು ಮೊದಲೇ ಕಂಡುಕೊಳ್ಳಲು ಮತ್ತೊಂದು ವಿಮಾನದಂತೆ ವರ್ತಿಸುವ ವಿಶೇಷ ವಿಮಾನಗಳನ್ನು ಬಳಸಲಾಗುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನಿಯಂತ್ರಣ ನಿಯಮಗಳನ್ನೂ 1996ರಲ್ಲಿ ಅಮೆರಿಕದಲ್ಲಿ, ಹೀಗೆ ಮಾರ್ಪಡಿಸಿದ ಎಫ್-16 ವಿಮಾನದಲ್ಲಿ ಪರೀಕ್ಷಿಸಲಾಗಿತ್ತು. ತೇಜಸ್ ಮೊದಲ ಬಾರಿ ಹಾರಿದ್ದು 2001ರ ಜನವರಿ 4ರಂದು.

ಗಣಕಯಂತ್ರ ಎಷ್ಟೇ ನಿಖರವಾಗಿ ಲೆಕ್ಕ ಹಾಕಿದರೂ ಕೊನೆಯ ಅಂಕ ನೀಡುವುದು ಆ ಆಸನದಲ್ಲಿ ಕುಳಿತ ಪೈಲಟ್ಟೇ.